ಪಾಸಪ್ಪನ ಪ್ರೋಗ್ರಾಮಿಗೆ ಮಾವನ ಕಾವಲು

ಪಾಸಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಅದು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಸಿರಾಡುತ್ತಿದೆ. ಆಫೀಸಿನಲ್ಲಿ ಯಾರಾದರೂ "ಆಯ್ತೇನ್ರೀ?" ಎಂದರೆ ಸಾಕು, ಕತ್ತೆತ್ತದೆ "ಎಲ್ಲಾ ಪಾಸು" ಎನ್ನುವುದು ಅವನ ಪದ್ಧತಿ. ಪ್ರೋಗ್ರಾಂ ಮುಗಿಯಿತೇ? ಪಾಸು. ಊಟವಾಯಿತೇ? ಪಾಸು. ರಕ್ತಪರೀಕ್ಷೆ ಏನಾಯಿತು ಎಂದು ಹೆಂಡತಿ ಕೇಳಿದಾಗಲೂ ಹಾಗೇ ಹೇಳಿ, ಸಕ್ಕರೆ ಬಿಡಿ ಎಂದು ಡಾಕ್ಟರು ಬರೆದದ್ದನ್ನು ಮರೆತೇಬಿಟ್ಟಿದ್ದ. ಹೀಗಾಗಿ ಪಾಸಪ್ಪ.

ಅವನ ಆತ್ಮವಿಶ್ವಾಸಕ್ಕೆ ಕಂಪ್ಯೂಟರಿನಲ್ಲಿದ್ದ ಒಂದು ಬಿಲ್ಡ್ ಉಪಕರಣ ಕಾರಣ. ಪ್ರೋಗ್ರಾಂ ಬರೆಯುವವರು ಬರೆದದ್ದು ಯಂತ್ರಕ್ಕೆ ನೇರವಾಗಿ ತಿಳಿಯುವುದಿಲ್ಲ. ಅದನ್ನು ಯಂತ್ರದ ಭಾಷೆಗೆ ಕಂಪೈಲ್ ಮಾಡಬೇಕು, ಆಮೇಲೆ ಹೇಳಿದ ಕೆಲಸ ಮಾಡುತ್ತದೋ ಇಲ್ಲವೋ ಎಂದು ಪರೀಕ್ಷಿಸಬೇಕು. ಈ ಉಪಕರಣ ಎರಡನ್ನೂ ಒಂದೇ ಅಪ್ಪಣೆಗೆ ಮಾಡಿ ಮುಗಿಸುತ್ತದೆ. ಪಾಸಾದರೆ ಹಸಿರು ಸಾಲು, ಫೇಲಾದರೆ ಕೆಂಪು ಸಾಲು. ಅದಕ್ಕೆ ಇನ್ನೊಂದು ಅಪ್ಪಣೆಯೂ ಉಂಟು: ಅದೇ ಪರೀಕ್ಷೆಯನ್ನು ಕಂಟೇನರಿನೊಳಗೆ ನಡೆಸು ಎನ್ನುವುದು. ಕಂಟೇನರ್ ಎಂದರೆ ಕಂಪ್ಯೂಟರಿನೊಳಗೇ ಕಟ್ಟಿದ ಒಂದು ಖಾಲಿ ಕೋಣೆ. ಪ್ರೋಗ್ರಾಂ ತನ್ನ ಜೊತೆ ಕಟ್ಟಿಕೊಂಡು ಹೋದದ್ದು ಬಿಟ್ಟರೆ ಅಲ್ಲಿ ಬೇರೇನೂ ಸಿಗುವುದಿಲ್ಲ. ಪಾಸಪ್ಪ ಮೊದಲ ಅಪ್ಪಣೆಯನ್ನು ದಿನಕ್ಕೆ ನೂರು ಸಲ ಕೊಡುತ್ತಿದ್ದ. ಎರಡನೆಯದನ್ನು ಒಮ್ಮೆಯೂ ಕೊಟ್ಟವನಲ್ಲ. "ನಮ್ಮನೇಲಿ ನಡೆಯೋದು ಎಲ್ಲರ ಮನೇಲೂ ನಡೆಯುತ್ತೆ" ಎನ್ನುವುದು ಅವನ ಸಿದ್ಧಾಂತ. ಮದುವೆಯಾದವನು ಇಂಥ ಸಿದ್ಧಾಂತವನ್ನು ಇಟ್ಟುಕೊಳ್ಳಬಾರದು.

ಶುಕ್ರವಾರ ಸಂಜೆ ಆಫೀಸಿನ ಒಡತಿ ಅವನ ಮೇಜಿನ ಹತ್ತಿರ ಬಂದು ನಿಂತರು. ಆಫೀಸಿನವರೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದರು.

"ಲಾಂಡ್ರಿ ಪ್ರೋಗ್ರಾಂ ಏನಾಯ್ತು?"

"ಎಲ್ಲಾ ಪಾಸು ಮೇಡಂ."

"ಕಂಟೇನರಲ್ಲಿ?"

ಪಾಸಪ್ಪ ಈಗ ಕತ್ತೆತ್ತಿದ. "ಅಲ್ಲೂ ಅಷ್ಟೇ ಮೇಡಂ. ಗಾಳಿ ಇರೋ ಕಡೆಯೆಲ್ಲ ನಡೆಯುತ್ತೆ."

"ಹಾಗಾದ್ರೆ ನಾಳೆ ಸಂಜೆ ಒಳಗೆ ಕಂಟೇನರ್ ಕಟ್ಟಿ ಕಳಿಸಿ. ನಾನೇ ಲಾಂಡ್ರಿಗೆ ಹೋಗಿ, ಅವರ ಯಂತ್ರದಲ್ಲಿ ನಡೆಸಿ ನೋಡ್ತೀನಿ. ನಡೆದ್ರೆ ಲಾಂಡ್ರಿ ಕೆಲಸದ ತಂಡಕ್ಕೆ ನಿಮ್ಮನ್ನೇ ಮುಖ್ಯಸ್ಥರನ್ನಾಗಿ ಮಾಡ್ತೀನಿ. ನಡೀಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬಾರ್ದು."

ಆ ಲಾಂಡ್ರಿ ಸಾಮಾನ್ಯದ್ದಲ್ಲ. ಊರಿನ ಆಸ್ಪತ್ರೆ, ಹೋಟೆಲು, ಹಾಸ್ಟೆಲುಗಳ ಬಟ್ಟೆಯೆಲ್ಲ ಅಲ್ಲೇ ಒಗೆತಕ್ಕೆ ಬರುತ್ತಿತ್ತು. ಒಗೆದ ಬಟ್ಟೆಯ ಗುರುತು ನೋಡಿ ಅದು ಯಾವ ಬುಟ್ಟಿಗೆ ಹೋಗಬೇಕೆಂದು ಹೇಳುವುದು ಪಾಸಪ್ಪನ ಪ್ರೋಗ್ರಾಮಿನ ಕೆಲಸ. ಅದು ತಪ್ಪಿದರೆ ಡಾಕ್ಟರ ಕೋಟು ಅಡುಗೆಯವನಿಗೂ ಅಡುಗೆಯವನ ಏಪ್ರನ್ನು ಡಾಕ್ಟರಿಗೂ ಹೋಗಿ, ರೋಗಿಗಳಿಗೆ ಇಬ್ಬರ ಮೇಲೂ ನಂಬಿಕೆ ಹೋಗುವ ಸಂಭವವಿತ್ತು.

ಮುಖ್ಯಸ್ಥ ಎನ್ನುವ ಮಾತು ಕಿವಿಗೆ ಬಿದ್ದದ್ದೇ ಪಾಸಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಆಗಲಿಲ್ಲ, ಹೆದರಿಕೆಯಾಯಿತು. ಏಕೆಂದರೆ ಮಾವನ ಮನೆಯವರ ಲೆಕ್ಕದಲ್ಲಿ ಅವನು ಮದುವೆಗೆ ಮುಂಚಿನಿಂದಲೂ ತಂಡದ ಮುಖ್ಯಸ್ಥನೇ! ಆಗ ಮಾವ "ಕೆಲಸ ಏನು?" ಎಂದು ಕೇಳಿದ್ದರು. ಪಾಸಪ್ಪನ ನಾಲಿಗೆ ಅವನನ್ನು ಕೇಳದೆ "ಮುಖ್ಯಸ್ಥ" ಎಂದುಬಿಟ್ಟಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಆ ಸುಳ್ಳನ್ನು ಸಾಕಿ ಸಲಹಿ ದೊಡ್ಡದು ಮಾಡಿದ್ದ. ನಾಳೆ ಅದು ನಿಜವಾಗುವ ಯೋಗ ಬಂದಿತ್ತು. ತಪ್ಪಿದರೆ, ಮುಖ್ಯಸ್ಥನಾದವನನ್ನು ಮತ್ತೆ ಮುಖ್ಯಸ್ಥನಲ್ಲದವನನ್ನಾಗಿ ಮಾಡಿದ್ದಕ್ಕೆ ಇನ್ನೊಂದು ಕಥೆ ಕಟ್ಟಬೇಕು. ಕೇಳುವವರು ದೂರದಲ್ಲೂ ಇರಲಿಲ್ಲ. ವಾರದಿಂದ ಮಾವ ಅವನ ಮನೆಯಲ್ಲೇ ಬೀಡುಬಿಟ್ಟಿದ್ದರು.

ಮಾವನವರು ನಿವೃತ್ತ ಮೇಷ್ಟ್ರು. ಪಾಠ ಹೇಳಿದ್ದಕ್ಕಿಂತ ಪರೀಕ್ಷೆಯ ಕೋಣೆ ಕಾದದ್ದರಲ್ಲೇ ಹೆಸರುವಾಸಿ. ಹುಡುಗರು ಅವರಿಗೆ "ಬೆಕ್ಕಿನ ಹೆಜ್ಜೆ" ಎಂದು ಹೆಸರಿಟ್ಟಿದ್ದರು. ರಬ್ಬರಿನ ಅಟ್ಟೆಯ ಚಪ್ಪಲಿ ಮೆಟ್ಟಿ, ಉಸಿರಿನ ಸದ್ದೂ ಆಗದಂತೆ ಹಿಂದಿನಿಂದ ಬಂದು ನಿಲ್ಲುತ್ತಿದ್ದರಂತೆ. ಕಾಲುಚೀಲ, ಸೊಂಟದ ಪಟ್ಟಿಯೊಳಗಿನ ಪದರ, ಹೆಣ್ಣುಮಕ್ಕಳ ಜಡೆ, ಒಮ್ಮೆ ಒಬ್ಬನ ಮುರಿದ ಕೈಗೆ ಹಾಕಿದ್ದ ಪ್ಲಾಸ್ಟರ್ ಕಟ್ಟು — ನಕಲು ಚೀಟಿ ಅಡಗುವ ಜಾಗ ಈ ಲೋಕದಲ್ಲಿ ಎಲ್ಲೆಲ್ಲಿ ಉಂಟೋ ಅವರು ಬಲ್ಲರು. ನಿವೃತ್ತಿಯಾದ ಮೇಲೆ ಕಾಯಲು ಪರೀಕ್ಷೆಯಿಲ್ಲದೆ ಸೊರಗಿಹೋಗಿದ್ದರು. ಮಗಳು ಅನ್ನಕ್ಕಿಟ್ಟರೆ ಅದರ ಪಕ್ಕದಲ್ಲೇ ಕೈಕಟ್ಟಿ ನಿಲ್ಲುತ್ತಿದ್ದರು.

ಶನಿವಾರ ಬೆಳಿಗ್ಗೆ ಪಾಸಪ್ಪ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಜೀವನದಲ್ಲಿ ಮೊದಲ ಬಾರಿಗೆ ಎರಡನೆಯ ಅಪ್ಪಣೆ ಕೊಟ್ಟ. ಲ್ಯಾಪ್‌ಟಾಪಿನ ಫ್ಯಾನು ವಿಮಾನ ಏರುವಂತೆ ಮೊರೆಯಿತು. ಆಮೇಲೆ ತೆರೆಯ ಮೇಲೆ ಒಂದು ಕೆಂಪು ಸಾಲು ಬಂತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಅದರ ಬಂಧುಬಳಗ. ಕೊನೆಗೆ ನೋಡಿದರೆ ಇಡೀ ತೆರೆ ಕೆಂಪಾಗಿತ್ತು.

"ಫೇಲಾ?" ಎಂದಿತು ಹಿಂದಿನಿಂದ ಒಂದು ದನಿ.

ಪಾಸಪ್ಪ ಕುರ್ಚಿಯಿಂದ ಗೇಣುದ್ದ ಎದ್ದು ಮತ್ತೆ ಕುಳಿತ. "ಇಲ್ಲ ಮಾವ, ಇಲ್ಲೇ ಓಡಿಸಿದ್ರೆ ಪಾಸು. ನೋಡಿ" ಎಂದು ಮೊದಲ ಅಪ್ಪಣೆ ಕೊಟ್ಟು ಹಸಿರು ತೋರಿಸಿದ. "ಆ ಕಂಟೇನರ್ ಒಳಗೆ ಹೋದಾಗ ಮಾತ್ರ... ಅದೊಂಥರಾ ಖಾಲಿ ಕೋಣೆ ಮಾವ. ನಮ್ಮ ಮನೆ ಸಾಮಾನು ಏನೂ ಇರಲ್ಲ. ಹೊರಗಿಂದ ಏನೂ ಸಿಗಲ್ಲ. ತನಗೆ ಎಷ್ಟು ಗೊತ್ತೋ ಅಷ್ಟರಲ್ಲೇ ಮಾಡ್ಬೇಕು."

ಮಾವನ ಕಣ್ಣು ಅರಳಿತು. ವರ್ಷಗಳಿಂದ ಕಾಣದ ಹೊಳಪು ಅದರಲ್ಲಿ ಕಂಡಿತು.

"ಅಂದ್ರೆ ಮನೇಲಿ ಪುಸ್ತಕ ನೋಡ್ಕೊಂಡು ಬರೆದ್ರೆ ಪಾಸು, ಪರೀಕ್ಷೆ ಹಾಲಲ್ಲಿ ಕೂತ್ರೆ ಫೇಲು. ಅಷ್ಟೇ ತಾನೇ?"

"ಹಾಗೇನಿಲ್ಲ ಮಾವ..."

"ಹಾಗೇ ಅಳಿಯಂದ್ರೇ! ಇಷ್ಟು ವರ್ಷ ನೀವು ಏನ್ ಕೆಲಸ ಮಾಡ್ತೀರಿ ಅಂತ ನಂಗೆ ತಿಳಿದೇ ಇರ್ಲಿಲ್ಲ. ಇದು ಘನವಾದ ಕೆಲಸ. ನೀವು ಒಂದು ತಂಡದ ಮುಖ್ಯಸ್ಥರು, ನಿಮ್ಮ ಕೈಕೆಳಗೆ ಇಂಥ ಪರೀಕ್ಷೆ ಎಷ್ಟು ನಡೆಯುತ್ತೋ! ಇವತ್ತಿನದಕ್ಕೆ ಮೇಲ್ವಿಚಾರಣೆ ನಂದು" ಎಂದವರೇ ಒಳಗೆ ಹೋಗಿ ರಬ್ಬರ್ ಚಪ್ಪಲಿ ಹಾಕಿಕೊಂಡು ಬಂದರು. ಅಳಿಯನನ್ನು ಅವರು ಹೊಗಳಿದ್ದು ಮದುವೆಯಾದ ಮೇಲೆ ಅದೇ ಮೊದಲು. ಪಾಸಪ್ಪ ಇಂಗು ತಿಂದ ಮಂಗನಂತೆ ಕುಳಿತ.

ಕೆಂಪು ಸಾಲುಗಳನ್ನು ಓದಿದರೆ ದೂರು ಒಂದೇ: ಬುಟ್ಟಿಗಳ ಫೈಲು ಸಿಗುತ್ತಿಲ್ಲ. ಯಾವ ಗುರುತಿನ ಬಟ್ಟೆ ಯಾವ ಬುಟ್ಟಿಗೆ ಎನ್ನುವುದೆಲ್ಲ ಇದ್ದದ್ದು ಆ ಫೈಲಿನಲ್ಲಿ. ಅದು ಇದ್ದದ್ದು ಪಾಸಪ್ಪನ ಸ್ವಂತ ಫೋಲ್ಡರಿನಲ್ಲಿ, ಮದುವೆಯ ಫೋಟೋಗಳಿಗೂ ಕರೆಂಟು ಬಿಲ್ಲುಗಳಿಗೂ ನಡುವೆ. ಪ್ರೋಗ್ರಾಂ ಬರೆಯುವಾಗ "ಸದ್ಯಕ್ಕೆ ಇಲ್ಲಿರಲಿ" ಎಂದು ಇಟ್ಟಿದ್ದ. ಸದ್ಯ ಎನ್ನುವುದು ಹೋದ ವರ್ಷ ಆರಂಭವಾಗಿ ಇನ್ನೂ ಮುಗಿದಿರಲಿಲ್ಲ.

ನ್ಯಾಯವಾಗಿ ಮಾಡಬೇಕಾದದ್ದು, ಆ ಫೈಲನ್ನು ಪ್ರೋಗ್ರಾಮಿನೊಳಗೇ ಸೇರಿಸಿ ಮತ್ತೆ ಕಂಪೈಲ್ ಮಾಡುವುದು. ಆದರೆ ಹಾಗೆ ಮಾಡಿ, ಮತ್ತೇನೋ ಕೆಟ್ಟು, ಮಾವನ ಎದುರಿಗೆ ಮತ್ತೆ ಕೆಂಪು ಬಂದರೆ? ಪಾಸಪ್ಪ ಉಪಾಯದ ದಾರಿ ಹಿಡಿದ. ಕಂಟೇನರಿಗೆ ಕಿಟಕಿ ಕೊರೆಯಲೂ ಆಗುತ್ತದೆ. ಒಂದು ಸಾಲು ಬರೆದರೆ ಸಾಕು, ಒಳಗಿರುವ ಪ್ರೋಗ್ರಾಮಿಗೆ ಹೊರಗಿನ ಫೋಲ್ಡರು ಕಾಣುತ್ತದೆ. ಮಾವ ನೀರು ಕುಡಿಯಲು ಅಡುಗೆಮನೆಗೆ ಹೋದದ್ದೇ ತಡ, ಪಾಸಪ್ಪ ಕಿಟಕಿ ಕೊರೆದು ತನ್ನ ಇಡೀ ಫೋಲ್ಡರನ್ನು ಕಾಣಿಸಿ, ಅಪ್ಪಣೆ ಕೊಟ್ಟ. ಫ್ಯಾನು ಮೊರೆಯಿತು. ಹಸಿರು, ಹಸಿರು, ಹಸಿರು. ಮಳೆ ಬಿದ್ದ ಮೇಲಿನ ಹುಲ್ಲುಗಾವಲು!

"ಪಾಸು!" ಎಂದು ಕೂಗಿದ. "ಮಾವ, ಎಲ್ಲಾ ಪಾಸು!"

ಮಾವ ಲೋಟ ಹಿಡಿದುಕೊಂಡೇ ಬಂದು ತೆರೆಯನ್ನು ನೋಡಿದರು. ಆಮೇಲೆ ಅಳಿಯನನ್ನು ನೋಡಿದರು. ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

"ಈಗ ತಾನೇ ಎಲ್ಲಾ ವಿಷಯದಲ್ಲೂ ಫೇಲು. ನಾನು ನೀರು ಕುಡಿದು ಬರೋಷ್ಟರಲ್ಲಿ ಎಲ್ಲಾ ವಿಷಯದಲ್ಲೂ ಪಾಸು."

"ಚೆನ್ನಾಗಿ ಓದ್ಕೊಂಡಿರುತ್ತೆ ಮಾವ" ಎಂದ ಪಾಸಪ್ಪ. ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಎಂಥ ಮಾತು ಎಂದು ಅವನಿಗೂ ಅನಿಸಿತು.

"ಎದ್ದು ನಿಲ್ಲೋ!" ಎಂದು ಗುಡುಗಿದರು ಮಾವ. ಮರುಕ್ಷಣ, "ಕ್ಷಮಿಸಿ ಅಳಿಯಂದ್ರೇ, ಅಭ್ಯಾಸ ಬಲ. ದಯವಿಟ್ಟು ಎದ್ದು ನಿಲ್ಲಿ. ಕೈಗಡಿಯಾರ ಬಿಚ್ಚಿ. ಜೇಬು ಖಾಲಿ ಮಾಡಿ."

ಪ್ರೋಗ್ರಾಂ ಮಾಡಿದ ತಪ್ಪಿಗೆ ತನ್ನ ಜೇಬು ಏಕೆ ಎಂದು ಪಾಸಪ್ಪ ಕೇಳಬಹುದಿತ್ತು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು. ಮರುಮಾತಾಡದೆ ಎದ್ದುನಿಂತು ಕೈಯೆತ್ತಿದ. ಮಾವ ಅಂಗಿಯ ಜೇಬಿಗೆ ಕೈಹಾಕಿದರು: ಒಂದು ಪೆನ್ನು, ಒಂದು ಬಸ್ ಟಿಕೆಟ್ಟು. ಪ್ಯಾಂಟಿನ ಜೇಬಿಗೆ ಹಾಕಿದರು: ಬಾಚಣಿಗೆ, ಕಾಗದದ ಪೊಟ್ಟಣ. ಪೊಟ್ಟಣ ಬಿಚ್ಚಿದರೆ ಒಂದು ಜೊತೆ ಚಿನ್ನದ ಓಲೆ! ಮಾವ ಅದನ್ನು ಬೆಳಕಿಗೆ ಹಿಡಿದು, ಒಳಗೆ ಏನಾದರೂ ಸಣ್ಣ ಅಕ್ಷರದಲ್ಲಿ ಬರೆದಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡತೊಡಗಿದರು.

ಅವರು ಓಲೆ ಹಿಡಿದ ಬೆಳಕು ಬರುತ್ತಿದ್ದದ್ದು ಕಿಟಕಿಯಿಂದ. ಕಿಟಕಿಯ ಆಚೆ ಅದೇ ಕಟ್ಟಡದ ಎದುರುಮನೆ. ಆ ಮನೆಯ ಕಿಟಕಿಯಲ್ಲಿ ಎದುರುಮನೆ ಆಂಟಿ. ಅವರು ಒಣಗಿದ ಬಟ್ಟೆ ಮಡಿಸುತ್ತಿದ್ದರು. ಹಿಡಿದಿದ್ದ ಅಂಗಿಯ ತೋಳು ಕೈಯಲ್ಲೇ ಉಳಿಯಿತು. ಅವರಿಗೆ ಕಂಡದ್ದು ಇಷ್ಟು: ಅಳಿಯ ಕೈಯೆತ್ತಿ ನಿಂತಿದ್ದಾನೆ, ಮಾವ ಜೇಬು ಶೋಧಿಸುತ್ತಿದ್ದಾರೆ, ಜೇಬಿನಿಂದ ಚಿನ್ನ ಬರುತ್ತಿದೆ. ಇದಕ್ಕೆ ಅರ್ಥ ಹೇಳಲು ಪಂಡಿತರು ಬೇಕೇ? ಆಂಟಿ ಮೆಟ್ಟಿಲಿಳಿದರು.

ಕಟ್ಟಡದ ಸಂಘದ ಕಾರ್ಯದರ್ಶಿ ನೆಲಮಹಡಿಯಲ್ಲಿ ನೀರಿನ ಮೋಟರಿನ ಮುಂದೆ ಕುಳಿತಿದ್ದರು. ಚುನಾವಣೆಯಲ್ಲಿ ಗೆದ್ದ ಮೇಲೆ ಮೋಟರು ಹಾಕುವುದು ಬಿಟ್ಟರೆ ಬೇರೆ ಅಧಿಕಾರ ಚಲಾಯಿಸುವ ಅವಕಾಶ ಅವರಿಗೆ ಸಿಕ್ಕಿರಲಿಲ್ಲ.

"ಪಾಪ, ಆ ಹುಡುಗಿ ಬಂಗಾರ ಎಲ್ಲಾ ಗಂಡನೇ ಕದ್ದಿದಾನೆ ಸರ್! ಅಪ್ಪ ಬಂದು ಹಿಡ್ಕೊಂಡಿದಾರೆ!"

"ಎಲ್ಲಾ ಬಂಗಾರವಾ?"

"ನಾನು ನೋಡಿದ್ದು ಓಲೆ. ಓಲೆ ಕದ್ದವನು ಸರ ಬಿಡ್ತಾನಾ ಸರ್?"

ತರ್ಕ ಗಟ್ಟಿಯಾಗಿತ್ತು. ಕಾರ್ಯದರ್ಶಿ ಮೋಟರು ಆರಿಸುವುದನ್ನೂ ಮರೆತು ಎದ್ದರು. ಕಾವಲುಗಾರ ಕೋಲು ಹಿಡಿದು ಹಿಂದೆ ಬಂದ. ಮೆಟ್ಟಿಲು ಹತ್ತುವಾಗ ಇನ್ನೂ ಕೆಲವರು ಸೇರಿಕೊಂಡರು; ಏನಾಗಿದೆ ಎಂದು ತಿಳಿಯದವರು ತಿಳಿದವರಿಗಿಂತ ಮುಂದೆ ಹತ್ತುತ್ತಿದ್ದರು.

ಬಾಗಿಲು ತೆರೆದೇ ಇತ್ತು. ಒಳಗೆ ಬಂದ ಗುಂಪನ್ನು ಕಂಡು ಮಾವ ಕೈಯೆತ್ತಿದರು. "ಶ್! ಪರೀಕ್ಷೆ ನಡೀತಿದೆ. ಹೊರಗಿನವರು ಹೀಗೆ ಗುಂಪಾಗಿ ನಿಲ್ಲೋ ಹಾಗಿಲ್ಲ. ಬರೋದಾದ್ರೆ ಒಬ್ಬೊಬ್ಬರೇ ಬಂದು, ದೂರ ದೂರ ಕೂತ್ಕೊಳ್ಳಿ. ಅಕ್ಕಪಕ್ಕ ಮಾತಾಡ್ಬಾರ್ದು."

ಆ ದನಿಯಲ್ಲಿ ಏನಿತ್ತೋ! ಕಾರ್ಯದರ್ಶಿಯೇ ಮೊದಲು ಹೋಗಿ ಸೋಫಾದ ಮೂಲೆಯಲ್ಲಿ ಕೈಕಟ್ಟಿ ಕುಳಿತರು. ಆಂಟಿ ಇನ್ನೊಂದು ಮೂಲೆಯಲ್ಲಿ. ಕಾವಲುಗಾರ ಕೋಲನ್ನು ಬಾಗಿಲ ಹೊರಗಿಟ್ಟು ನೆಲದ ಮೇಲೆ ಕುಳಿತ. ಉಳಿದವರು ಗೋಡೆಗೆ ಒರಗಿ, ಒಬ್ಬರಿಗೊಬ್ಬರು ತಾಗದಂತೆ ನಿಂತರು. ಹುಡುಗರಾಗಿದ್ದಾಗಿನ ಭಯ ಎಲ್ಲರ ಮುಖದಲ್ಲೂ ಬಂದು ಕೂತಿತ್ತು.

ಕಾರ್ಯದರ್ಶಿ ಬೆರಳೆತ್ತಿ ಅನುಮತಿ ಬೇಡಿದರು. "ಸರ್, ತಪ್ಪು ಒಪ್ಕೊಂಡ್ರಾ?"

"ಇನ್ನೂ ಇಲ್ಲ" ಎಂದರು ಮಾವ. "ಒಪ್ಕೊಳ್ದೆ ಎಲ್ಲಿಗೆ ಹೋಗ್ತಾರೆ? ಎಂಥೆಂಥವರನ್ನ ಒಪ್ಪಿಸಿದೀನಿ."

"ಪೊಲೀಸಿಗೆ ಫೋನ್ ಮಾಡ್ಲಾ ಸರ್?"

"ಪೊಲೀಸಾ?" ಎನ್ನುತ್ತ ಪಾಸಪ್ಪನ ಹೆಂಡತಿ ಅಡುಗೆಮನೆಯಿಂದ ಬಂದಳು. ಮನೆ ತುಂಬ ಜನ, ನಡುವೆ ಕೈಯೆತ್ತಿ ನಿಂತ ಗಂಡ, ಅಪ್ಪನ ಕೈಯಲ್ಲಿ ತನ್ನ ಓಲೆ. ಒಂದು ನೋಟಕ್ಕೆ ಎಲ್ಲವನ್ನೂ ನೋಡಿ, ಅವಳು ಕೇಳಿದ್ದು ಒಂದೇ ಪ್ರಶ್ನೆ. "ರೀ! ಕೊಂಡಿ ಸರಿಮಾಡ್ಸಿ ತನ್ನಿ ಅಂತ ಹೋದ ತಿಂಗಳು ಕೊಟ್ಟ ಓಲೆ! ಕೇಳ್ದಾಗೆಲ್ಲಾ 'ಆಯ್ತು, ಆಯ್ತು' ಅಂತಿದ್ರಿ. ಇನ್ನೂ ಜೇಬಲ್ಲೇ ಇದೆಯಾ?"

ಎದುರುಮನೆ ಆಂಟಿಯ ಮುಖ ಬಾಡಿತು. "ಅಂದ್ರೆ ಕದ್ದಿಲ್ವಾ?"

"ಕದಿಯೋಕೆ ನೆನಪಿರಬೇಕಲ್ಲ ಆಂಟಿ" ಎಂದಳು ಹೆಂಡತಿ.

ಗುಂಪಿನಲ್ಲಿ ನಿರಾಸೆ ಹಬ್ಬಿತು. ಒಂದಿಬ್ಬರು ಬಾಗಿಲ ಕಡೆ ತಿರುಗಿದರು. "ಕೂತ್ಕೊಳ್ಳಿ!" ಎಂದರು ಮಾವ. "ವಿಚಾರಣೆ ಮುಗಿದಿಲ್ಲ. ಅಳಿಯಂದ್ರೇ, ಕೊನೇ ಸಲ ಕೇಳ್ತೀನಿ. ಪರೀಕ್ಷೆ ಬರೆಯೋವಾಗ ಒಳಗಿದ್ದವನಿಗೆ ಹೊರಗಿಂದ ಏನಾದ್ರೂ ಕೊಟ್ರಾ, ಇಲ್ವಾ?"

ಅಷ್ಟು ಕಣ್ಣುಗಳು ತನ್ನನ್ನೇ ನೋಡುತ್ತಿರುವಾಗ ಪಾಸಪ್ಪ ಎತ್ತಿದ್ದ ಕೈಯನ್ನು ಇಳಿಸಿದ. ಓಲೆಯ ಕಳವಿಗಿಂತ ಈ ಕಳವೇ ದೊಡ್ಡದೆಂದು ಅವನಿಗೆ ಅನಿಸಿತು. ನಿಜವಾಗಿಯೂ ನಾಚಿಕೆಯಾಯಿತು.

"ಕಿಟಕಿ ತೆಗೆದಿದ್ದೆ ಮಾವ."

"ಯಾವ್ದು? ನಮ್ಮನೆ ಕಡೇದಾ?" ಎಂದರು ಆಂಟಿ ಗಾಬರಿಯಾಗಿ.

"ಅಲ್ಲ ಆಂಟಿ, ಕಂಟೇನರಿಗೆ." ಪಾಸಪ್ಪ ಎಲ್ಲವನ್ನೂ ಬಿಡಿಸಿ ಹೇಳಿದ. ಸಂಜೆ ಪ್ರೋಗ್ರಾಂ ಲಾಂಡ್ರಿಯಲ್ಲಿ ನಡೆಯಬೇಕಿರುವುದು, ಬುಟ್ಟಿಗಳ ಫೈಲು ತನ್ನ ಫೋಲ್ಡರಿನಲ್ಲಿರುವುದು, ಪ್ರೋಗ್ರಾಂ ಅದನ್ನು ಇಣುಕಿ ನೋಡಿ ಉತ್ತರ ಬರೆದದ್ದು, ಹಸಿರೆಲ್ಲ ಸುಳ್ಳು ಹಸಿರು ಎನ್ನುವುದು.

"ಲಾಂಡ್ರಿಯವರ ಯಂತ್ರದಲ್ಲಿ ನಿಮ್ಮ ಫೋಲ್ಡರು ಇರಲ್ವಲ್ಲ ರೀ?" ಎಂದಳು ಹೆಂಡತಿ.

"ಇರಲ್ಲ."

"ಮತ್ತೆ ಸಂಜೆ ಅಲ್ಲಿ ಏನಾಗ್ತಿತ್ತು?"

"ಎಲ್ಲಾ ಕೆಂಪು."

ಮಾವ ಎದೆ ಸೆಟೆದು ತೀರ್ಪು ಕೊಟ್ಟರು. "ನಕಲು ಸಾಬೀತಾಗಿದೆ. ನಿಯಮದ ಪ್ರಕಾರ ಇಂಥ ಅಭ್ಯರ್ಥಿ ಮೂರು ವರ್ಷ ಪರೀಕ್ಷೆಗೆ ಕೂರೋ ಹಾಗಿಲ್ಲ."

"ಮಾವ! ಸಂಜೆ ಒಳಗೆ ಕಳಿಸ್ಬೇಕು!"

"ನಿಯಮ ಅಂದ್ರೆ ನಿಯಮ."

ಆಗ ಕಾರ್ಯದರ್ಶಿ ಎದ್ದು ನಿಂತರು. ಅಳಿಯನನ್ನು ಪೊಲೀಸರಿಗೆ ಒಪ್ಪಿಸಲು ಬಂದವರು ಕೈಮುಗಿದರು. "ಮೇಷ್ಟ್ರೇ, ಮೊದಲ ತಪ್ಪು. ಒಂದು ಅವಕಾಶ ಕೊಡಿ." ಆಂಟಿ ಸೆರಗಿನಿಂದ ಕಣ್ಣೊರಸಿಕೊಂಡರು. "ಸಂಸಾರಸ್ಥ ಮನುಷ್ಯ. ಓಲೆ ಬೇರೆ ಕದ್ದಿಲ್ಲ." ಕಾವಲುಗಾರ ಹೇಳಿದ, "ನಾನೂ ಒಂದ್ಸಲ ಹೀಗೇ ಸಿಕ್ಕಿಬಿದ್ದೆ ಸರ್. ಆಗ ಯಾರಾದ್ರೂ ಕ್ಷಮಿಸಿದ್ದಿದ್ರೆ ಇವತ್ತು ಕೋಲು ಹಿಡೀತಿರ್ಲಿಲ್ಲ."

ಈ ಮಾತು ಮಾವನ ಎದೆಗೆ ತಾಗಿತು. ಅವರು ಕಾವಲುಗಾರನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು, ತಮ್ಮ ಶಾಲೆಯವನೇ ಇರಬಹುದೇ ಎನ್ನುವ ಹಾಗೆ. ಆಮೇಲೆ "ಮರುಪರೀಕ್ಷೆ" ಎಂದರು. "ಈಗಲೇ, ಎಲ್ಲರ ಎದುರಿಗೇ. ಕಿಟಕಿ ಮುಚ್ಚಿ!"

ಪಾಸಪ್ಪ ಕುರ್ಚಿಗೆ ಕುಸಿದು, ಕೊರೆದ ಕಿಟಕಿಯ ಸಾಲನ್ನು ಅಳಿಸಿದ. ಬುಟ್ಟಿಗಳ ಫೈಲನ್ನು ತನ್ನ ಫೋಲ್ಡರಿನಿಂದ ಎತ್ತಿ ಪ್ರೋಗ್ರಾಮಿನ ಜೊತೆಗೇ ಕಟ್ಟಿದ. ಉಳಿದವರಿಗೆ ಅವನ ಬೆರಳು ಓಡುವುದು ಮಾತ್ರ ಕಾಣುತ್ತಿತ್ತು. ಮಾವ ಹಿಂದೆ ಮುಂದೆ ಸುಳಿದಾಡಿದರು. ಯಾರೋ ಕೆಮ್ಮಿದರೆ ಕಣ್ಣು ಕೆಕ್ಕರಿಸಿ ನೋಡಿದರು. ಕೊನೆಗೆ ಪಾಸಪ್ಪ ಕಣ್ಣುಮುಚ್ಚಿ ಎರಡನೆಯ ಅಪ್ಪಣೆ ಕೊಟ್ಟ.

ಫ್ಯಾನು ಮೊರೆಯಿತು. ಕಂಪೈಲ್ ಆಗುತ್ತಿದೆ ಎಂದು ತೆರೆ ಹೇಳಿತು. ಆಗುತ್ತಲೇ ಇತ್ತು. ಒಂದು ಹಸಿರು ಸಾಲು ಬಂತು. "ಬಂತು!" ಎಂದ ಕಾವಲುಗಾರ, "ಮೌನ!" ಎಂದರು ಮಾವ. ಎರಡನೆಯದು ಬಂತು, ಹತ್ತನೆಯದು ಬಂತು. ಕಾರ್ಯದರ್ಶಿಗೆ ಕುಳಿತಲ್ಲೇ ಬೆವರು. ಇನ್ನೇನು ಮುಗಿಯಿತು ಎನ್ನುವಾಗ ಸಾಲು ನಿಂತುಬಿಟ್ಟಿತು. ಫ್ಯಾನು ಮಾತ್ರ ಮೊರೆಯುತ್ತಿತ್ತು. ಹೆಂಡತಿ ಬಂದು ಪಾಸಪ್ಪನ ಹೆಗಲ ಮೇಲೆ ಕೈಯಿಟ್ಟಳು. ಮಾವ ಅದನ್ನು ಕಂಡೂ ಕಾಣದವರಂತೆ ಬೇರೆ ಕಡೆ ತಿರುಗಿದರು. ಅವರ ಸೇವಾವಧಿಯಲ್ಲಿ ಹಾಗೆ ತಿರುಗಿದ್ದು ಅದೊಂದೇ ಸಲ. ಅವರು ಈ ಕಡೆ ತಿರುಗುವಷ್ಟರಲ್ಲಿ ಕೊನೆಯ ಸಾಲು ಬಂದಿತ್ತು. ಹಸಿರು.

ಆ ಮನೆಯಲ್ಲಿ ಎದ್ದ ಚಪ್ಪಾಳೆಗೆ ಮೇಲಿನ ಮಹಡಿಯವರೂ ಇಳಿದುಬಂದರು. ಕೆಳಗಿನಿಂದ ಇನ್ನೊಬ್ಬರು ಹತ್ತಿ ಬಂದು, ನೀರಿನ ತೊಟ್ಟಿ ತುಂಬಿ ಅಂಗಳವೆಲ್ಲ ಹರಿಯುತ್ತಿದೆ ಎಂದರು. ಕಾರ್ಯದರ್ಶಿ ಓಡಿದರು. ಪಾಸಪ್ಪ ಕಂಟೇನರನ್ನು ಮೇಡಂಗೆ ಕಳುಹಿಸಿದ. ಬಂದವರು ಮಾತ್ರ ಯಾರೂ ಮನೆಗೆ ಹೋಗಲಿಲ್ಲ. ಫಲಿತಾಂಶ ಬರದೆ ಎದ್ದುಹೋಗಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಹೆಂಡತಿ ಎಲ್ಲರಿಗೂ ಚಹಾ ಮಾಡಿದಳು.

ಸಂಜೆ ಫೋನು ಬಂತು. ಪಾಸಪ್ಪನ ಬೆರಳು ಎಲ್ಲೋ ತಗುಲಿ, ಮೇಡಂ ಮಾತು ಇಡೀ ಕೋಣೆಗೆ ಕೇಳತೊಡಗಿತು. ಹಿಂದೆ ಒಗೆಯುವ ಯಂತ್ರಗಳ ಗುಡುಗು.

"ನಡೀತಿದೆ ಕಣ್ರೀ! ಡಾಕ್ಟರ ಕೋಟು ಡಾಕ್ಟರ ಬುಟ್ಟಿಗೇ ಬಿತ್ತು. ಲಾಂಡ್ರಿಯವರು ಕುಣಿದಾಡ್ತಿದಾರೆ. ಹೇಳಿದ ಮಾತಿನಂತೆ ಇವತ್ತಿನಿಂದ ಈ ತಂಡಕ್ಕೆ ನೀವೇ ಮುಖ್ಯಸ್ಥರು. ಮೊದಲನೇ ಸಲ ಮುಖ್ಯಸ್ಥರಾಗ್ತಿದೀರಿ, ಸ್ವಲ್ಪ ಹುಷಾರು."

ಚಹಾ ಹೀರುವ ಸದ್ದು ಒಮ್ಮೆಗೇ ನಿಂತಿತು.

"ಮೊದಲನೇ ಸಲ?" ಎಂದರು ಮಾವ.

ಎದುರುಮನೆ ಆಂಟಿ ಮುಂದಕ್ಕೆ ಸರಿದು ಕುಳಿತರು. ಅವರ ದಿನ ವ್ಯರ್ಥವಾಗಿರಲಿಲ್ಲ. ಪಾಸಪ್ಪ ಹೆಂಡತಿಯ ಕಡೆ ನೋಡಿದ. ಅವಳು ಲೋಟದೊಳಗೆ ನೋಡುತ್ತಿದ್ದಳು. ಬೆಳಗಿನಿಂದ ನಡೆದದ್ದರ ಮೇಲೆ ಇನ್ನೊಂದು ಸುಳ್ಳು ಹೇಳಲು ಅವನಲ್ಲಿ ಶಕ್ತಿ ಉಳಿದಿರಲಿಲ್ಲ.

"ಹೂಂ ಮಾವ. ಆವತ್ತು ನೀವು ಕೇಳ್ದಾಗ ನಾನು ಮುಖ್ಯಸ್ಥ ಆಗಿರ್ಲಿಲ್ಲ. ನಿನ್ನೇವರೆಗೂ ಆಗಿರ್ಲಿಲ್ಲ. ಹೇಳಿದ್ದು ಸುಳ್ಳು."

"ನಂಗೆ ಗೊತ್ತಿತ್ತು ಅಪ್ಪ" ಎಂದಳು ಹೆಂಡತಿ ಮೆಲ್ಲಗೆ. "ಮದುವೆಯಾದ ಮಾರನೇ ದಿನವೇ ಗೊತ್ತಾಯ್ತು."

ಜೀವಮಾನವಿಡೀ ಕಾಲುಚೀಲ, ಜಡೆ, ಪ್ಲಾಸ್ಟರ್ ಕಟ್ಟುಗಳನ್ನು ಬಿಚ್ಚಿದವರ ಕಣ್ಣಿಗೆ ಅವರ ಮನೆಯವನೇ ಒಬ್ಬ ಇಷ್ಟು ವರ್ಷ ಮಣ್ಣೆರಚಿ ಕೂತಿದ್ದ! ಮಾವ ಇನ್ನೂ ಕಟ್ ಆಗದ ಫೋನಿನ ಕಡೆ ಬಾಗಿದರು.

"ಅಮ್ಮಾ, ನಾನು ಇವರ ಮಾವ. ಇವರು ಮುಖ್ಯಸ್ಥರಾದ ತಂಡದಲ್ಲಿ ಎಷ್ಟು ಜನ ಇದಾರೆ?"

"ಸದ್ಯಕ್ಕೆ ಅವರೊಬ್ಬರೇ ಸರ್" ಎಂದರು ಮೇಡಂ.

ಮಾವ ನೆಟ್ಟಗಾದರು. ಮುಖದ ಬಿಗಿ ಸಡಿಲವಾಯಿತು. ಅಳಿಯನ ಕೈಗಡಿಯಾರವನ್ನು ಮೇಜಿನಿಂದ ಎತ್ತಿ, ತಾವೇ ಅವನ ಕೈಗೆ ಕಟ್ಟಿದರು.

"ಒಳ್ಳೇದಾಯ್ತು ಅಳಿಯಂದ್ರೇ. ಪಕ್ಕದವನದು ನೋಡಿ ಬರೆಯೋ ಭಯ ಇಲ್ಲ."